ಹಿಮದ ಬೆಟ್ಟಕ್ಕೊಂದು ಬಾಲ

ನಮ್ಮ ಬೀದಿಗೆಲ್ಲ ಫಾರಿನ್‌ಗೆ ಹೋಗಿ ಬಂದವನು ಅಂತ ಇದ್ದದ್ದು ಒಬ್ಬನೇ. ಅವನೂ ಹೋಗಿರಲಿಲ್ಲ.

ಈ ಒಂದು ಸಣ್ಣ ಕೊರತೆಯನ್ನು ಬಿಟ್ಟರೆ ಫಾರಿನ್ ಮಾಮನಿಗೆ ಹೆಸರಿಡುವಂಥದ್ದು ಏನೂ ಇರಲಿಲ್ಲ. ಬೀದಿಯ ತಿರುವಿನಲ್ಲಿ ಅವನದೊಂದು ಸ್ಟವ್ ರಿಪೇರಿ ಅಂಗಡಿ, ಎದುರಿಗೆ ನನ್ನ ಸೈಕಲ್ ಅಂಗಡಿ. ಅವನು ರಿಪೇರಿ ಮಾಡಿದ ಸ್ಟವ್ ಉರಿಯುತ್ತಿತ್ತು, ಅದು ನಿಜ. ಯಾವ ಕಡೆಯಿಂದ ಉರಿಯುತ್ತದೆ ಅನ್ನುವುದನ್ನು ಮಾತ್ರ ಮೊದಲೇ ಹೇಳಲು ಆಗುತ್ತಿರಲಿಲ್ಲ. ಆದರೂ ಜನ ಅವನ ಹತ್ತಿರವೇ ಬರುತ್ತಿದ್ದರು. ಫಾರಿನ್‌ನಲ್ಲಿ ಇದ್ದು ಬಂದವನ ಸ್ಟವ್ ಸ್ವಲ್ಪ ಅತ್ತಿತ್ತ ಉರಿದರೆ ಅದು ಅಲ್ಲಿಯ ಪದ್ಧತಿ ಇರಬೇಕು ಅಂತ ಸುಮ್ಮನಾಗುತ್ತಿದ್ದರು. ಯಾರಾದರೂ ಹೊಸ ಗಡಿಯಾರ ಕೊಂಡರೆ, ಸೆಂಟಿನ ಬಾಟಲಿ ತಂದರೆ, ಅಸಲಿ ಫಾರಿನ್ನೋ ನಕಲಿಯೋ ಎಂದು ಕೇಳುವುದಕ್ಕೂ ಅವನೇ ಬೇಕು. ಮಾಮ ಅದನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಒಂದು ನಿಟ್ಟುಸಿರು ಬಿಡುತ್ತಿದ್ದ. ಹೌದು ಅಂತಲೂ ಹೇಳುತ್ತಿರಲಿಲ್ಲ, ಅಲ್ಲ ಅಂತಲೂ ಹೇಳುತ್ತಿರಲಿಲ್ಲ. ತಂದವರು ನಿಟ್ಟುಸಿರನ್ನೇ ಸರ್ಟಿಫಿಕೇಟ್ ಅಂದುಕೊಂಡು ಖುಷಿಯಾಗಿ ಹೋಗುತ್ತಿದ್ದರು.

ಇಷ್ಟಕ್ಕೆಲ್ಲ ಕಾರಣ ಒಂದು ಫೋಟೋ. ಮೀಸೆ ಮೂಡುವ ವಯಸ್ಸಿನಲ್ಲಿ ಮಾಮ ಕೆಲಸ ಹುಡುಕಿಕೊಂಡು ಮನೆ ಬಿಟ್ಟಿದ್ದ. ರೈಲು ಎಲ್ಲಿ ನಿಂತರೆ ಅಲ್ಲಿ ಇಳಿಯುವುದು ಅಂತ ಹೊರಟಿದ್ದ. ಅದು ನಿಂತದ್ದು ಒಂದು ಬಂದರಿನಲ್ಲಿ. ಅಲ್ಲಿ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿತು. ಹೊರಗೆ ಬೆವರು ಧಾರಾಕಾರ, ಒಳಗೆ ಮೂಗಿನ ತುದಿ ಮರಗಟ್ಟುವ ಚಳಿ. ಒಳಗೆ ಹೋಗುವವರಿಗೆ ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ ಕೊಡುತ್ತಿದ್ದರು. ಆ ವೇಷದಲ್ಲಿ ಯಾರೋ ಅವನ ಫೋಟೋ ತೆಗೆದರು. ಮಗ ಬೆಚ್ಚಗಿದ್ದಾನೆ ಅಂತ ಅಮ್ಮನಿಗೆ ತಿಳಿಯಲಿ ಎಂದು ಮಾಮ ಅದನ್ನು ಮನೆಗೆ ಕಳಿಸಿದ. ಅಷ್ಟೇ ಅವನು ಮಾಡಿದ್ದು.

ಫೋಟೋದಲ್ಲಿ ಮಾಮ ಕೋಟಿನೊಳಗೆ ಹುದುಗಿ ನಿಂತಿದ್ದ. ಬಾಯಿಂದ ಉಸಿರು ಹೊಗೆಯಾಗಿ ಬರುತ್ತಿತ್ತು. ಹಿಂದೆ ಬೆಳ್ಳಗೆ ಒಂದು ಬೆಟ್ಟ. ಅವನ ಅಮ್ಮ, ಅಂದರೆ ಈಗ ಬೀದಿಗೆಲ್ಲ ಅಜ್ಜಿಯಾಗಿರುವವಳು, ಅದನ್ನು ಹೆಡ್ಮಾಸ್ತರರಿಗೆ ತೋರಿಸಿದಳು. ಹೆಡ್ಮಾಸ್ತರರು ಭೂಗೋಳ ಕಲಿಸುವವರು. ಕನ್ನಡಕ ಏರಿಸಿದರು, ಇಳಿಸಿದರು, "ಹಿಮ!" ಅಂದರು. "ಇಂಥಾ ಹಿಮ ನಮ್ಮ ಕಡೆ ಎಲ್ಲಿ ಬೀಳುತ್ತಮ್ಮಾ? ನಿಮ್ಮ ಮಗ ಫಾರಿನ್‌ಗೆ ಹೋಗಿಬಿಟ್ಟಿದ್ದಾನೆ!"

ಎರಡು ವರ್ಷ ಕಳೆದು ಮಾಮ ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಬೀದಿ ನಿಂತಿತ್ತು. ಒಬ್ಬ ಟ್ರಂಕು ಕಿತ್ತುಕೊಂಡ, ಇನ್ನೊಬ್ಬ ಟ್ರಂಕು ಹೊತ್ತವನ ಬೆವರು ಒರೆಸಿದ. "ಅಲ್ಲಿ ಭಾರೀ ಚಳಿಯಂತೆ?" ಅಂದರು. "ಕೊರೆಯೋ ಚಳಿ," ಅಂದ ಮಾಮ. "ಬರೀ ಹಿಮವಂತೆ?" "ಎಲ್ಲಿ ನೋಡಿದರೂ ಬೆಳ್ಳಗೆ." ಒಂದು ಮಾತೂ ಸುಳ್ಳಲ್ಲ, ಗಮನಿಸಿ. ನಮ್ಮ ಮಾಮ ಸುಳ್ಳು ಹೇಳಿ ದೊಡ್ಡವನಾದವನಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟು ದೊಡ್ಡವನಾದವನು. ಇನ್ನು ಬದುಕಿರುವ ತನಕ ಬೆಂಕಿಯ ಪಕ್ಕದಲ್ಲೇ ಇರುತ್ತೇನೆ ಅಂತ ಶಪಥ ಮಾಡಿ ಸ್ಟವ್ ಅಂಗಡಿ ಇಟ್ಟ.

ಇದೆಲ್ಲ ನನಗೆ ಎಷ್ಟೋ ಕಾಲದ ಮೇಲೆ ಅವನೇ ಹೇಳಿದ್ದು. ನೀವು ಯಾರಿಗೂ ಹೇಳಬೇಡಿ.

ಈ ಮಾಮನಿಗೆ ಒಬ್ಬಳು ಅಕ್ಕ. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಅಮ್ಮನ ಮನೆಗೆ ಬಂದವಳು. ಮನೆ ಎಂದರೆ ಒಂದೇ ಕೋಣೆ. ಯಾರಾದರೂ ಕಾಲು ಚಾಚಬೇಕಾದರೆ ಇನ್ನೊಬ್ಬರು ಮಡಚಬೇಕು. ಹುಡುಗಿಯ ಅಡ್ಡಹೆಸರು ಪ್ರಶ್ನೆಪತ್ರಿಕೆ. ಮಾತು ಬಂದಾಗಿನಿಂದ ಅವಳು ಉತ್ತರ ಹೇಳಿದ್ದಕ್ಕಿಂತ ಪ್ರಶ್ನೆ ಕೇಳಿದ್ದೇ ಹೆಚ್ಚು. ನನ್ನ ಅಂಗಡಿಗೆ ಬಂದು, "ಪಂಪ್ ಹೊಡೆದಾಗ ಪಂಪು ಯಾಕೆ ಬಿಸಿಯಾಗುತ್ತೆ?" ಅಂತ ಕೇಳಿ ಅರ್ಧ ದಿನದ ವ್ಯಾಪಾರ ಹಾಳು ಮಾಡಿದ್ದಾಳೆ. ಇಂದಿಗೂ ಪಂಪು ಹಿಡಿದರೆ ನನಗೆ ಅವಮಾನವಾಗುತ್ತದೆ.

ಓದಲು ಮನೆಯಲ್ಲಿ ಜಾಗವಿಲ್ಲ. ಹಾಗಾಗಿ ಅವಳು ಅಮ್ಮನ ಜೊತೆ ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದುತ್ತಿದ್ದಳು. ರೋಗಿಗಳನ್ನು ನೋಡಲು ಬಂದವರು, ಪಾಪ, ಯಾರೋ ಒಳಗೆ ಮಲಗಿರಬೇಕು ಈ ಮಗುವಿನವರು ಅಂದುಕೊಂಡು, "ಹೆದರಬೇಡಮ್ಮ, ಎಲ್ಲ ಸರಿಹೋಗುತ್ತೆ," ಅಂತ ತಲೆ ಸವರಿ ಒಂದು ಸೇಬು ಕೊಟ್ಟು ಹೋಗುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ಅವಳ ಮುಖ ಇನ್ನಷ್ಟು ಸಪ್ಪಗಿರುತ್ತಿತ್ತು. ಆಗ ದ್ರಾಕ್ಷಿಯೂ ಸಿಗುತ್ತಿತ್ತು. ಹೀಗೆ ಊರವರ ಸಮಾಧಾನ ತಿಂದುಕೊಂಡೇ ಹುಡುಗಿ ಓದಿ, ಎಲ್ಲದರಲ್ಲೂ ಮೊದಲು ಬಂದಳು. ಕೊನೆಗೊಂದು ದಿನ ಎಲ್ಲೋ ದೂರದ ದೇಶದ ದೊಡ್ಡ ವಿಶ್ವವಿದ್ಯಾಲಯ ಅವಳನ್ನು ಕರೆಯಿತು. ಪ್ರಯಾಣ, ಊಟ, ಓದು ಎಲ್ಲ ಅವರದೇ. ಇವಳು ಮಾಡಬೇಕಾದದ್ದು ಇಷ್ಟೇ: ಬರುವ ಸೋಮವಾರ ಸಂಜೆಯೊಳಗೆ ಬರುತ್ತೇನೆ ಅಂತ ತಿಳಿಸಬೇಕು.

ಸುದ್ದಿ ತಂದವರು ಹೆಡ್ಮಾಸ್ತರರು. ಈಗ ನಿವೃತ್ತರಾಗಿದ್ದರೂ ಒಂದು ಚಪ್ಪಲಿ ಕಿತ್ತುಹೋಗುವ ಹಾಗೆ ಓಡಿಬಂದರು. ಬೀದಿಯೇ ಎದ್ದು ಕುಣಿಯಿತು. ನಮ್ಮ ಬೀದಿಯ ಟೈಲರು ತನ್ನ ಮಗನನ್ನು ಹಿಡಿದು ಸುಮ್ಮನೆ ಎರಡು ಬಾರಿಸಿದ. ಅಕ್ಕ ಒಳಗೆ ಹೋಗಿ ಅತ್ತು, ಹೊರಗೆ ಬಂದು ನಕ್ಕು, ಮತ್ತೆ ಒಳಗೆ ಹೋದಳು.

ಅಜ್ಜಿ ಮಾತ್ರ ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಆ ಮನೆಯಲ್ಲಿ ಅಜ್ಜಿ ಹ್ಞೂಂ ಅನ್ನದೆ ಅನ್ನದ ಪಾತ್ರೆಯೂ ಕೆಳಗಿಳಿಯುವುದಿಲ್ಲ. ಮೊಮ್ಮಗಳನ್ನು ಎದೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ಅವಳೇ; ಅವಳನ್ನು ಅಳಿಸಿ ಹುಡುಗಿ ಹೊಸ್ತಿಲು ದಾಟುವವಳಲ್ಲ.

"ನನಗೇನು ಗೊತ್ತು ಅದೆಲ್ಲ?" ಅಂದಳು ಅಜ್ಜಿ. "ಮನೇಲೇ ಇದ್ದಾನಲ್ಲ ಹೋಗಿ ಬಂದೋನು. ಅವನನ್ನ ಕೇಳ್ತೀನಿ. ಅವನು ಹೇಳಲಿ."

ಮಾಮನಿಗೆ ಆಗ ತಲೆ ತಿರುಗಿತು. ಭಯದಿಂದಲ್ಲ, ಸಂತೋಷದಿಂದ.

ಸಂಜೆ ಮನೆಯ ಮುಂದೆ ಕುರ್ಚಿ ಹಾಕಿದರು. ಕುರ್ಚಿಯಲ್ಲಿ ಮಾಮ, ಮೆಟ್ಟಿಲ ಮೇಲೆ ಅಜ್ಜಿ, ಸುತ್ತ ಬೀದಿ. ಇಷ್ಟು ವರ್ಷ ಅಲ್ಲೊಂದು ಇಲ್ಲೊಂದು ಮಾತು ಕೇಳಿದ್ದವರಿಗೆ ಇವತ್ತು ಪೂರ್ತಿ ಕೇಳುವ ಭಾಗ್ಯ.

"ಅಲ್ಲಿ ಬಿಸಿಲು ಹೇಗಿರುತ್ತೋ?" ಅಜ್ಜಿ ಶುರು ಮಾಡಿದಳು.

"ಬಿಸಿಲು ಅನ್ನೋದೇ ಇಲ್ಲಮ್ಮ. ಹಗಲೂ ರಾತ್ರಿ ದೀಪ ಉರೀತಿರುತ್ತೆ."

"ಧ್ರುವದ ಹತ್ತಿರ!" ಅಂದರು ಹೆಡ್ಮಾಸ್ತರರು. "ನಾನು ಅವತ್ತೇ ಅಂದುಕೊಂಡೆ."

"ಮತ್ತೆ ಚಳಿ ತಡ್ಕೊಳ್ಳೋದು ಹೇಗೆ?"

"ಒಂದೇ ಸಮನೆ ಇರೋ ಹಾಗಿಲ್ಲ. ಸ್ವಲ್ಪ ಹೊತ್ತು ಇದ್ದು, ಆಚೆಗೆ ಬಂದು, ಬಿಸಿ ಟೀ ಕುಡಿದು, ಮತ್ತೆ ಒಳಗೆ ಹೋಗಬೇಕು."

"ಆಚೆಗೆ ಅಂದ್ರೆ? ದೇಶದಿಂದ ಆಚೆಗಾ?"

ಮಾಮ ತಡವರಿಸಿದ. ಹೆಡ್ಮಾಸ್ತರರು ಕೈಬಿಡಲಿಲ್ಲ. "ಸಣ್ಣ ದೇಶ ಇರಬೇಕಮ್ಮಾ. ಗಡಿ ಹತ್ತಿರದಲ್ಲೇ ಇರುತ್ತೆ."

"ಜನ ಹೇಗೋ?"

"ಮಾತಾಡಲ್ಲ. ಬಾಯಿ ತೆಗೆದರೆ ಹಲ್ಲು ಕಟಕಟ. ತಲೆ ತಗ್ಗಿಸಿಕೊಂಡು ಅವರವರ ಕೆಲಸ ಅವರವರು ಮಾಡ್ತಾರೆ. ನೆಲ ಬೇರೆ ಜಾರುತ್ತಲ್ಲ, ತಲೆ ಎತ್ತಿದರೆ ಬಿದ್ದಂಗೇ. ನಾನೇ ಎಷ್ಟು ಸಲ ಬಿದ್ದಿದ್ದೀನಿ!"

"ಊಟ?" ಟೈಲರು ಕೇಳಿದ.

"ಮೀನು. ಎಲ್ಲಿ ಕೈ ಹಾಕಿದರೂ ಮೀನು."

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಕುರ್ಚಿ ಅನ್ನುವುದು ಕೆಟ್ಟದ್ದು. ಒಮ್ಮೆ ಕೂತವನಿಗೆ ಸಾಕು ಅನ್ನಿಸುವುದಿಲ್ಲ. ಮಾಮ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಮುಖ್ಯ ಅಂದ್ರೆ ಬಾಗಿಲು. ಹೊರಗಿನಿಂದ ಹಾಕ್ತಾರೆ. ಒಳಗಿರೋರಿಗೆ ತೆಗೆಯೋಕೆ ಬರಲ್ಲ. ನಮ್ಮ ಜೊತೆಯವನೊಬ್ಬ ನೋಡ್ಕೊಳ್ಳಲಿಲ್ಲ, ಒಳಗೇ ಉಳ್ಕೊಂಡುಬಿಟ್ಟ. ಬಾಗಿಲು ತೆಗೆದಾಗ ಹುಬ್ಬಿನ ಮೇಲೆಲ್ಲ ಬೆಳ್ಳಗೆ!"

ಎಲ್ಲೋ ಒಂದು ಕುಕ್ಕರ್ ಕೂಗಿದ್ದಕ್ಕೆ ಇಡೀ ಬೀದಿ ಬೆಚ್ಚಿಬಿತ್ತು.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದಳು. "ಬಿಸಿಲಿಲ್ಲ, ಮಾತಿಲ್ಲ, ಹೊರಗಿನಿಂದ ಚಿಲಕ. ಅದೇನು ಓದೋ ಜಾಗವೋ, ಜೈಲೋ? ನನ್ನ ಪುಟ್ಟಿ ಎಲ್ಲಿಗೂ ಹೋಗಲ್ಲ," ಅಂದು ಒಳಗೆ ನಡೆದಳು.

ಮಾಮ ಕುರ್ಚಿಯಲ್ಲೇ ಕೂತಿದ್ದ. ಅವನ ಬದುಕಿನ ಅತ್ಯುತ್ತಮ ಭಾಷಣ ಅದು.

ಮರುದಿನ ಬೆಳಿಗ್ಗೆ ಪ್ರಶ್ನೆಪತ್ರಿಕೆ ಸ್ಟವ್ ಅಂಗಡಿಗೆ ಬಂದಳು. ಕಣ್ಣು ಊದಿತ್ತು. ಮಾಮ ಒಂದು ಬತ್ತಿಯನ್ನು ಸುಮ್ಮನೆ ತಿರುಗಿಸುತ್ತಲೇ ಇದ್ದ, ಅದು ಸ್ಟವ್ ಒಳಗೇ ಬಿದ್ದುಹೋಯಿತು.

"ಮಾಮ, ಅಜ್ಜಿಗೆ ನಿಜ ಹೇಳು."

"ಏನು ನಿಜ?"

"ಆ ಫೋಟೋ ಫಾರಿನ್ ಅಲ್ಲ."

ಮಾಮ ಸ್ಟವ್ ಕೆಳಗಿಟ್ಟ. "ಯಾರು ಹೇಳಿದರು ನಿನಗೆ?"

"ಯಾರೂ ಹೇಳಲಿಲ್ಲ. ಎರಡನೇ ಕ್ಲಾಸಲ್ಲಿದ್ದಾಗ ನೋಡಿದೆ. ನಿನ್ನ ಹಿಂದೆ ಇದೆಯಲ್ಲ ಹಿಮದ ಬೆಟ್ಟ, ಅದರ ಬಲಗಡೆ ಮೂಲೇಲಿ ಒಂದು ಬಾಲ ಇದೆ. ಬೆಟ್ಟಕ್ಕೆ ಬಾಲ ಇರಲ್ಲ ಮಾಮ. ಅದು ಮೀನು."

ಇಡೀ ಬೀದಿ ಇಷ್ಟು ವರ್ಷ ದಿಟ್ಟಿಸಿ ನೋಡಿದ ಫೋಟೋ ಅದು. ಹೆಡ್ಮಾಸ್ತರರು ಅದರಲ್ಲಿ ಅಕ್ಷಾಂಶ ರೇಖಾಂಶ ಕಂಡಿದ್ದರು. ಬಾಲ ಕಂಡದ್ದು ಎರಡನೇ ಕ್ಲಾಸಿನ ಹುಡುಗಿಗೆ.

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?" ಮಾಮನ ದನಿ ಸಣ್ಣಗಾಗಿತ್ತು.

"ನೀನು ಅಷ್ಟು ಚೆನ್ನಾಗಿ ನಿಟ್ಟುಸಿರು ಬಿಡ್ತಿದ್ದೆಯಲ್ಲ, ಅದಕ್ಕೆ."

ಮಾಮನಿಗೆ ನಾಚಿಕೆಯಾಯಿತು, ಪ್ರೀತಿಯೂ ಉಕ್ಕಿತು. ಎರಡೂ ಒಟ್ಟಿಗೆ ಬಂದರೆ ಗಂಡಸರು ಏನು ಮಾಡುತ್ತಾರೋ ಅದನ್ನೇ ಮಾಡಿದ, ಬಯ್ದ. "ಹೋಗು ಹೋಗು, ನಾನು ನೋಡ್ಕೋತೀನಿ!" ಅಂದ.

ಅವನು ನೋಡಿಕೊಂಡ ಬಗೆ ಇದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂದರೆ ತಾನು ಫಾರಿನ್ ಮಾಮನಾಗಿಯೇ ಉಳಿಯಬೇಕು, ಫಾರಿನ್ ಮಾತ್ರ ಸುಧಾರಿಸಬೇಕು. ಮಧ್ಯಾಹ್ನ ಊಟಕ್ಕೆ ಕೂತಾಗ, "ಅಮ್ಮ, ಅಲ್ಲಿ ಈಗ ಎಷ್ಟೋ ವಾಸಿಯಂತೆ," ಅಂದ.

"ಯಾರು ಹೇಳಿದರು?"

"ಗೊತ್ತಾಯ್ತು. ಬಾಗಿಲಿಗೆ ಒಳಗಡೆಯೂ ಚಿಲಕ ಹಾಕಿಸಿದ್ದಾರೆ."

ಅಜ್ಜಿ ತುತ್ತನ್ನು ಕೆಳಗಿಟ್ಟಳು. "ಎಷ್ಟು ಜನ ಹೋದ ಮೇಲೆ ಹಾಕಿಸಿದರು?"

"ಹಾಗಲ್ಲಮ್ಮ. ಬಿಸಿಲೂ ಬಂದಿದೆಯಂತೆ."

"ಬಿಸಿಲು ಯಾರು ತಂದರು? ಬಿಸಿಲು ಏನು ನಲ್ಲಿ ನೀರೇನೋ, ಪೈಪ್ ಹಾಕ್ಸಿ ತರೋಕೆ?"

"ನಿಧಾನವಾಗಿ ಬಂದಿದೆ," ಅಂದ ಮಾಮ.

"ನೋಡು, ನಿನ್ನ ಮುಖದಲ್ಲೇ ಗೊತ್ತಾಗುತ್ತೆ ಸುಳ್ಳು ಅಂತ. ನೀನು ಹುಟ್ಟಾ ಸತ್ಯವಂತ. ನಿನ್ನೆ ಹೇಳಿದ್ದೇ ನಿಜ."

ಅತ್ತ ಟೈಲರು ಸುಮ್ಮನೆ ಕೂತಿರಲಿಲ್ಲ. ಹುಡುಗಿ ಹೋದರೂ ಹೋಗಬಹುದು, ಹೋದರೆ ಬದುಕಿ ಬರಲಿ ಅಂತ ಮಾಮ ಹೇಳಿದ ಚಳಿಯ ಅಳತೆಗೆ ಒಂದು ಕೋಟು ಹೊಲಿದಿದ್ದ. ಎರಡು ಕಂಬಳಿ, ಒಂದು ಹಳೆಯ ಹಾಸಿಗೆಯ ಹತ್ತಿ. ತೊಟ್ಟರೆ ಕೈ ಕೆಳಗಿಳಿಯುತ್ತಿರಲಿಲ್ಲ. ಬಿಚ್ಚಿ ನೆಲಕ್ಕಿಟ್ಟರೆ ಒಳಗೆ ಯಾರೂ ಇಲ್ಲದಿದ್ದರೂ ಅದು ನಿಂತೇ ಇರುತ್ತಿತ್ತು. ಬೀದಿಯವರು ಅದನ್ನು ಬಂದು ನೋಡಿ, ಅಬ್ಬಾ ಎಂಥಾ ದೇಶವಪ್ಪಾ ಅಂತ ಇನ್ನಷ್ಟು ಹೆದರಿ ಹೋದರು.

ಅಷ್ಟರಲ್ಲಿ ವಾರ್ಡ್ ಮೆಂಬರರಿಗೆ ಸುದ್ದಿ ಮುಟ್ಟಿತು. ಅವರಿಗೆ ಸನ್ಮಾನ ಮಾಡದೆ ಕೈ ತುರಿಸುತ್ತಿದ್ದ ಕಾಲ ಅದು. ಭಾನುವಾರ ಸ್ಕೂಲಿನ ಹಾಲಿನಲ್ಲಿ ಸಭೆ ಕರೆದರು. 'ಹೋಗಿ ಬಂದವರಿಗೂ ಹೋಗುವವರಿಗೂ ಸನ್ಮಾನ' ಅಂತ ಬ್ಯಾನರು. ಹೋಗುವುದೇ ನಿಂತಿದೆಯಲ್ಲ ಸ್ವಾಮಿ ಅಂದರೆ, "ಹಾಲ್ ಬುಕ್ ಆಗಿದೆ, ನೋಡೋಣ," ಅಂದರು.

ಮಾಮ ಶನಿವಾರವೆಲ್ಲ ಊಟ ಬಿಟ್ಟ. ಹುಡುಗಿ ಎದುರಾದಾಗಲೆಲ್ಲ ಸ್ಟವ್ ಹಿಂದೆ ಬಗ್ಗಿ ಕೂರುತ್ತಿದ್ದ. ಅವಳು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ನನ್ನ ಅಂಗಡಿಯ ಮುಂದೆ ಹಾದುಹೋದರೂ ಪಂಪಿನ ಕಡೆ ನೋಡಲಿಲ್ಲ. ಕೊನೆಗೆ ಮಾಮ ಗಟ್ಟಿ ಮನಸ್ಸು ಮಾಡಿದ. ಮಾನ ಹೋದರೆ ಹೋಗಲಿ, ಮಗು ಓದಲು ಹೋಗಲಿ.

ಭಾನುವಾರ ಸ್ಕೂಲಿನ ಹಾಲ್ ತುಂಬಿತ್ತು. ಮೆಂಬರರು ಅರ್ಧ ತಾಸು ತಮ್ಮ ವಾರ್ಡಿನ ಚರಂಡಿಗಳ ಬಗ್ಗೆ ಹೇಳಿ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೇಗೋ ದಾಟಿ, ಮಾಮನ ಕೈಗೆ ಹೂಗುಚ್ಛ ಕೊಟ್ಟರು. ಮಾಮ ಮೈಕಿನ ಮುಂದೆ ಬಂದ. ಮೈಕು ಕಿರುಚಿತು. ಮಾಮನೂ ಕಿರುಚಿದ.

"ನಾನು ಫಾರಿನ್‌ಗೆ ಹೋಗೇ ಇಲ್ಲ!"

ಮೆಂಬರರು ತಲೆ ಎತ್ತಿ ಬ್ಯಾನರು ನೋಡಿದರು.

"ಅದು ಮೀನಿನ ಕೋಲ್ಡ್ ಸ್ಟೋರೇಜು. ಹಿಂದೆ ಇರೋದು ಬೆಟ್ಟ ಅಲ್ಲ, ಐಸಿನ ರಾಶಿ. ಬಿಸಿಲಿಲ್ಲ ಅಂದಿದ್ದು ಆ ಕೋಣೇಲಿ. ಬಾಗಿಲು ಆ ಕೋಣೆದು. ನನಗೆ ಫಾರಿನ್ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲ. ಅಮ್ಮಾ, ಪುಟ್ಟೀನ ಕಳಿಸು!"

ಇಷ್ಟು ಹೇಳಿ ಕಣ್ಣು ಮುಚ್ಚಿ, ಬೀಳಲಿರುವ ಚಪ್ಪಲಿಗಾಗಿ ಕಾಯುತ್ತ ನಿಂತ. ಬಿದ್ದದ್ದು ಚಪ್ಪಾಳೆ. ಮೊದಲು ಒಂದು, ಆಮೇಲೆ ಹತ್ತಾರು, ಆಮೇಲೆ ಹಾಲಿನ ತಗಡೇ ಹಾರಿಹೋಗುವಂತೆ. ಹೆಡ್ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ವೇದಿಕೆಗೆ ಹತ್ತಿದರು.

"ನೋಡಿದಿರಾ! ತ್ಯಾಗ ಅಂದರೆ ಇದು! ಸೋದರಸೊಸೆ ಓದಲಿ ಅಂತ ಜೀವಮಾನದ ಕೀರ್ತೀನೇ ಒದ್ದುಬಿಟ್ಟ!"

"ಇಲ್ಲ ಮೇಷ್ಟ್ರೇ, ನಿಜವಾಗ್ಲೂ ಮೀನು," ಅಂದ ಮಾಮ.

"ಸುಮ್ನಿರಪ್ಪ. ಭೂಗೋಳ ಕಲಿಸಿದವನು ನಾನು. ನನಗೆ ಹಿಮ ಗೊತ್ತಿಲ್ಲವಾ?"

"ಅಯ್ಯೋ, ನನ್ನಾಣೆ ಕಣ್ರೀ, ನಾನು ಇದ್ದಿದ್ದು ಬಂದರಲ್ಲಿ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೆಂಬರರು ಅಲ್ಲಿಯೇ, ಆ ಕ್ಷಣವೇ, 'ತ್ಯಾಗಮೂರ್ತಿ' ಅಂತ ಬಿರುದು ಕೊಟ್ಟರು. ಮಾಮ ಎಷ್ಟು ಸತ್ಯ ಹೇಳಿದರೆ ಅಷ್ಟು ದೊಡ್ಡವನಾಗುತ್ತಿದ್ದ. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಸತ್ಯ ಹೇಳಿ ಸಿಕ್ಕಿಬಿದ್ದವನನ್ನು ನೋಡಿದ್ದು ಅವತ್ತೇ. ಮೊದಲ ಸಾಲಿನಲ್ಲಿ ಅಜ್ಜಿ ಸೆರಗಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. "ಪಾಪ, ನನ್ನ ಮಗನಿಗೆ ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ," ಅಂತ ಪಕ್ಕದವಳಿಗೆ ಹೇಳಿದಳು. "ಅಷ್ಟು ಕಷ್ಟದ ಜಾಗಕ್ಕೆ ಮೊಮ್ಮಗಳನ್ನ ಕಳಿಸ್ತೀನಾ?"

ಸಭೆ ಮುಗಿದ ಮೇಲೆ ಮಾಮ ಹಾಲಿನ ಹಿಂದಿನ ಮೆಟ್ಟಿಲ ಮೇಲೆ ಹೂಗುಚ್ಛ ಹಿಡಿದು ಕೂತಿದ್ದ. ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಆಶ್ಚರ್ಯವೆಂದರೆ ಅವಳು ನಗುತ್ತಿದ್ದಳು.

"ಮಾಮ, ಒಂದು ಪ್ರಶ್ನೆ."

ಅದನ್ನು ಕೇಳಿ ಮಾಮನಿಗೆ ಹೋದ ಜೀವ ಬಂತು. "ಕೇಳು."

"ಹೇಳಿದ್ದನ್ನ ಯಾರೂ ನಂಬದೆ ಇದ್ರೆ ಏನು ಮಾಡಬೇಕು?"

"ಏನು ಮಾಡಬೇಕು?"

"ತೋರಿಸಬೇಕು. ಮಾರ್ಕೆಟ್ ಹಿಂದೆ ಕೋಲ್ಡ್ ಸ್ಟೋರೇಜ್ ಇಲ್ವಾ? ಅಜ್ಜೀನ ಕರ್ಕೊಂಡು ಹೋಗು."

ಸೋಮವಾರ ಬೆಳಿಗ್ಗೆ ಮಾಮ ಅಜ್ಜಿಗೆ ಹೇಳಿದ್ದು ಇಷ್ಟು: "ಅಮ್ಮ, ನಾನಿದ್ದ ಜಾಗ ತೋರಿಸ್ತೀನಿ ಬಾ." ಅಜ್ಜಿ ಎದ್ದಳು. ಅಲ್ಲಿ ಭಾರೀ ಚಳಿಯಂತಲ್ಲವಾ ಅಂತ ಟೈಲರು ತನ್ನ ಕೋಟನ್ನು ತಂದು ಅವಳಿಗೆ ತೊಡಿಸಿದ. ಬಿಸಿಲಲ್ಲಿ ಆ ಕೋಟು, ಅದರ ಮೇಲೆ ಅಜ್ಜಿಯ ಮುಖ, ಎರಡೂ ಕೈ ಪಕ್ಕಕ್ಕೆ ಚಾಚಿಕೊಂಡು ಬೀದಿಯಲ್ಲಿ ಹೊರಟರೆ ಹಿಂದೆ ಯಾರು ಬರುವುದಿಲ್ಲ? ಹೆಡ್ಮಾಸ್ತರರು ಬಂದರು, ಮೆಂಬರರು ತಮ್ಮ ಫೋಟೋಗ್ರಾಫರನ್ನು ಕಟ್ಟಿಕೊಂಡು ಬಂದರು, ನಾನೂ ಅಂಗಡಿ ಮುಚ್ಚಿ ಹೋದೆ.

ಕೋಲ್ಡ್ ಸ್ಟೋರೇಜಿನ ಮೇಸ್ತ್ರಿ ಮಾಮನ ಗಿರಾಕಿ. ಅಲ್ಲಿಯ ಟೀ ಸ್ಟವ್ ಪಕ್ಕಕ್ಕೆ ಉರಿಯುವುದು ಇವನ ಕೃಪೆಯಿಂದಲೇ. ಮುಂದೆಲ್ಲ ಆಲೂಗಡ್ಡೆ ಮೂಟೆ, ಹಿಂದುಗಡೆ ಒಂದು ಮೀನಿನ ಕೋಣೆ. ಬಾಗಿಲು ಒಂದು ಮೊಳ ದಪ್ಪ. ಮೇಸ್ತ್ರಿ ಅದನ್ನು ಹೊರಕ್ಕೆ ಎಳೆದ, ಬಿಳಿ ಹೊಗೆ ಬುಸ್ಸೆಂದಿತು. ತಾಯಿ ಮಗ ಇಬ್ಬರೂ ಒಳಗೆ ಹೋದರು. ಚಳಿ ಆಚೆ ಹೋಗಬಾರದಲ್ಲ, ಮೇಸ್ತ್ರಿ ಬಾಗಿಲು ಮುಚ್ಚಿದ. ಮುಚ್ಚಿದ್ದೇ ತಡ ಬೀದಿಯೆಲ್ಲ ಬಂದು ಬಾಗಿಲಿಗೆ ಕಿವಿ ಕೊಟ್ಟಿತು. ಹೆಡ್ಮಾಸ್ತರರದು ಮೇಲಿನ ಕಿವಿ, ಟೈಲರದು ನಡುವಿನ ಕಿವಿ, ನನ್ನದು ಕೆಳಗಿನದು. ಒಂದು ಪಿಸುಮಾತೂ ಕೇಳಲಿಲ್ಲ.

ಒಳಗೆ ನಡೆದದ್ದನ್ನು ಮಾಮ ಆಮೇಲೆ ನನಗೆ ಹೇಳಿದ.

ಅಜ್ಜಿ ಮೊದಲು ಮೇಲೆ ನೋಡಿದಳಂತೆ, ಒಂದೇ ಒಂದು ಬಲ್ಬು ಉರಿಯುತ್ತಿತ್ತು. ಒಂದು ಹೆಜ್ಜೆ ಇಟ್ಟಳು, ಕಾಲು ಜಾರಿತು, ಮಾಮ ಹಿಡಿದುಕೊಂಡ. ಮೂಲೆಯಲ್ಲಿ ಬಾಯಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುತ್ತಿದ್ದವನನ್ನು, "ಚೆನ್ನಾಗಿದೀಯೇನಪ್ಪ?" ಅಂತ ಕೇಳಿದಳು. ಅವನು ತಲೆ ಎತ್ತಲಿಲ್ಲ. ಅಜ್ಜಿ ಐಸಿನ ರಾಶಿಯ ಮುಂದೆ ನಿಂತು, ಕೋಟಿನ ಕೈಯನ್ನು ಕಷ್ಟಪಟ್ಟು ಮಡಚಿ, ಹೊರಗೆ ಚಾಚಿಕೊಂಡಿದ್ದ ಒಂದು ಮೀನಿನ ಬಾಲವನ್ನು ಮುಟ್ಟಿದಳು.

"ಇದರೊಳಗಾ?" ಅಂದಳು. "ಎರಡು ವರ್ಷ?"

"ಹ್ಞೂಂ ಅಮ್ಮ."

"ಹೇಳಬಾರದಿತ್ತೇನೋ?"

"ಹೇಳಿದ್ರೆ ವಾಪಸ್ ಬಾ ಅಂತಿದ್ದೆ."

"ಅಂತಿದ್ದೆ."

"ಬಂದಿದ್ರೆ ನೀವೆಲ್ಲ ಏನು ತಿಂತಿದ್ರಿ?"

ಅಜ್ಜಿ ಅವನ ಬೆನ್ನ ಮೇಲೆ ಒಂದು ಗುದ್ದು ಹಾಕಿದಳು. ಕೋಟಿನ ಕೈ, ಏಟು ಬೀಳಲಿಲ್ಲ. ಆಮೇಲೆ ಅದೇ ಕೈಯಿಂದ ಅವನನ್ನು ಹತ್ತಿರ ಎಳೆದುಕೊಂಡಳು. ಇಬ್ಬರೂ ಅತ್ತರು. ಕಣ್ಣೀರು ಅರ್ಧ ದಾರಿಯಲ್ಲೇ ಗಟ್ಟಿಯಾಯಿತು ಅಂತ ಮಾಮ ಹೇಳುತ್ತಾನೆ. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಸಾಕು ಹೋಗೋಣ ಅಂತ ಬಾಗಿಲು ತಳ್ಳಿದರೆ ಬಾಗಿಲು ಅಲುಗಲಿಲ್ಲ. ಒಳಗಡೆ ಚಿಲಕವೇನೋ ಇತ್ತು, ಅದು ತೆರೆದೂ ಇತ್ತು. ಆದರೆ ಹೊರಗಡೆ ಇಡೀ ಬೀದಿಯ ಕಿವಿ ಒರಗಿಕೊಂಡಿತ್ತಲ್ಲ! ಮಾಮ ಬಡಿದ. ನಾವು, "ಶ್, ಏನೋ ಕೇಳಿಸ್ತಿದೆ," ಅಂತ ಇನ್ನಷ್ಟು ಒತ್ತಿ ಕಿವಿ ಕೊಟ್ಟೆವು. ಮಾಮ ಒದ್ದ. ಹೆಡ್ಮಾಸ್ತರರು, "ಯಾರೋ ನಡೀತಿದ್ದಾರೆ," ಅಂದರು. ಮಾಮನ ಹಲ್ಲು ಕಟಕಟ ಅನ್ನತೊಡಗಿತು. ಅಜ್ಜಿ ಮಾತ್ರ ಕೋಟಿನೊಳಗೆ ಬೆಚ್ಚಗೆ ನಿಂತು ಯೋಚನೆ ಮಾಡುತ್ತಿದ್ದಳು.

"ಅಲ್ವೋ," ಅಂದಳು, "ಒಂದು ಬತ್ತಿ ಹಾಕೋಕೆ ಮೂರು ಸಲ ಬೀಳಿಸೋನು ನೀನು. ನೀನೇ ಇಂಥಾ ಕಡೆ ಎರಡು ವರ್ಷ ಬದುಕಿ ಬಂದೆ ಅಂದ್ರೆ, ನನ್ನ ಪುಟ್ಟಿ ಎಲ್ಲಿ ಬೇಕಾದ್ರೂ ಬದುಕ್ತಾಳೆ. ಹೋಗಲಿ ಬಿಡು."

ಕೊನೆಗೆ ಪ್ರಶ್ನೆಪತ್ರಿಕೆಯೇ ಬಂದು, "ಎಲ್ಲರೂ ಬಾಗಿಲಿಗೆ ಒರಗಿದ್ರೆ ಅವರು ತೆಗೆಯೋದು ಹೇಗೆ?" ಅಂತ ಕೇಳಿದಳು. ನಾವು ಮುಖ ಮುಖ ನೋಡಿಕೊಂಡು ಸರಿದೆವು. ಬಾಗಿಲು ದಢಾರನೆ ತೆರೆದು, ಬಿಳಿ ಹೊಗೆಯ ನಡುವೆ ಅಜ್ಜಿ ಪ್ರತ್ಯಕ್ಷಳಾದಳು. ಮೈಮೇಲೆ ಕೋಟು, ಬಾಯಲ್ಲಿ ಉಸಿರಿನ ಹೊಗೆ, ಹಿಂದೆ ಬಿಳಿಯ ಬೆಟ್ಟ. ಫೋಟೋಗ್ರಾಫರ್ ಕ್ಲಿಕ್ ಮಾಡಿದ.

"ಏನಮ್ಮಾ," ಹೆಡ್ಮಾಸ್ತರರು ನುಗ್ಗಿಬಂದರು. "ಇದು ನಿಮ್ಮ ಮಗ ಇದ್ದ ಜಾಗದ ಹಾಗೆ ಇದೆಯಾ?"

ಅಜ್ಜಿ ಹಿಂದಿರುಗಿ ನೋಡಿದಳು. ಮಾಮ ತಲೆ ತಗ್ಗಿಸಿ ನಡುಗುತ್ತ ನಿಂತಿದ್ದ.

"ಥೇಟ್ ಹೀಗೇ ಇತ್ತಂತೆ," ಅಂದಳು. "ಒಂದು ಕೂದಲೂ ವ್ಯತ್ಯಾಸ ಇಲ್ಲ. ನಾನೂ ಹೋಗಿ ನೋಡಿ ಬಂದೆ. ಭಯ ಪಡೋಂಥದ್ದು ಏನೂ ಇಲ್ಲ. ಪುಟ್ಟಿ, ಬರ್ತೀನಿ ಅಂತ ಅವರಿಗೆ ಹೇಳಮ್ಮ."

ಒಂದು ಮಾತೂ ಸುಳ್ಳಲ್ಲ, ಗಮನಿಸಿ. ಮಾಮನಿಗೆ ಆ ವಿದ್ಯೆ ಎಲ್ಲಿಂದ ಬಂತು ಅನ್ನುವುದು ನನಗೆ ಆಗ ಗೊತ್ತಾಯಿತು.

ಹುಡುಗಿ ಹೋದಳು. ಕೋಟನ್ನು ವಿಮಾನದವರು ಹತ್ತಿಸಿಕೊಳ್ಳಲಿಲ್ಲವಂತೆ. ಅದು ಮನೆಯ ಮೂಲೆಯಲ್ಲಿ ಇನ್ನೂ ನಿಂತಿದೆ. ಗೋಡೆಯ ಮೇಲೆ ಮಾಮನ ಫೋಟೋದ ಪಕ್ಕ ಅಜ್ಜಿಯ ಫೋಟೋ ಬಂತು. ಹೊಸಬರು ನೋಡಿ, "ಅಜ್ಜಿ, ನೀವೂ ಹೋಗಿದ್ರಾ?" ಅಂತ ಕಣ್ಣರಳಿಸಿದರೆ ಅಜ್ಜಿ ಒಂದು ನಿಟ್ಟುಸಿರು ಬಿಡುತ್ತಾಳೆ. ಗಡಿಯಾರ, ಸೆಂಟಿನ ಬಾಟಲಿ ಈಗ ಅವಳ ಹತ್ತಿರವೂ ಬರುತ್ತವೆ.

ಒಂದು ಸಂಜೆ ಹೆಡ್ಮಾಸ್ತರರ ಮೊಬೈಲಿಗೆ ಹುಡುಗಿಯ ಫೋಟೋ ಬಂತು. ಬೀದಿಯೆಲ್ಲ ಮುತ್ತಿಕೊಂಡಿತು. ನೋಡಿದರೆ ಹಸಿರು ಹುಲ್ಲು, ಕಣ್ಣು ಕೋರೈಸುವ ಬಿಸಿಲು, ತೆಳ್ಳನೆಯ ಅಂಗಿ. ಪ್ರಶ್ನೆಪತ್ರಿಕೆ ಹುಲ್ಲಿನ ಮೇಲೆ ಕೂತು ಸೇಬು ಕಚ್ಚುತ್ತಿದ್ದಳು. ಪಕ್ಕದಲ್ಲಿ ಗೆಳತಿಯರು ಬಾಯಿಬಿಟ್ಟು ನಗುತ್ತಿದ್ದರು. ಕೆಳಗೆ ಬರೆದಿದ್ದಳು: "ಮಾಮ, ಇಲ್ಲಿ ಬಿಸಿಲಿದೆ. ನೆಲ ಜಾರಲ್ಲ. ಜನ ಮಾತಾಡ್ತಾರೆ. ನನ್ನ ಕೋಣೆ ಚಿಲಕ ಒಳಗಡೆ ಇದೆ. ಅಜ್ಜಿಗೆ ಹೇಳು."

ಅಕ್ಕ ಮೊಬೈಲನ್ನು ಕೆನ್ನೆಗೆ ಒತ್ತಿಕೊಂಡಳು. ಹೆಡ್ಮಾಸ್ತರರು ಅದನ್ನು ಬಿಡಿಸಿಕೊಂಡು ಮತ್ತೆ ನೋಡಿದರು. "ಹಿಮ ಎಲ್ಲಿ?" ಅಂದರು.

"ಕೋಟೇ ಇಲ್ಲ," ಅಂದ ಟೈಲರು, ನೊಂದ ದನಿಯಲ್ಲಿ. "ಇದು ಫಾರಿನ್ ಅಲ್ಲ ಕಣ್ರೀ. ನಮ್ಮ ಪಾರ್ಕ್ ಥರ ಇದೆ."

"ಹುಡುಗಿ ಎಲ್ಲೋ ದಾರಿ ತಪ್ಪಿ ಇಳಿದಿರಬೇಕು," ಅಂದರು ಮೆಂಬರರು.

ಬೀದಿಯಲ್ಲಿ ಗುಸುಗುಸು ಶುರುವಾಯಿತು. ಅಕ್ಕನ ಮುಖ ಸಣ್ಣಗಾಯಿತು. ಅಜ್ಜಿ, "ಸುಮ್ನಿರ್ರೋ," ಅಂತ ಗದರಿಸಿ ಮೊಬೈಲನ್ನು ಮಗನ ಕೈಗೆ ಕೊಟ್ಟಳು. "ನೀನು ನೋಡಿ ಹೇಳಪ್ಪ."

ಮಾಮ ಈ ಸಲ ಮೂಗಿಗೆ ಹಿಡಿಯಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದ. ಹುಲ್ಲಿನ ಅಂಚು ನೋಡಿದ, ಮರದ ಹಿಂದೆ ನೋಡಿದ, ಬಲಗಡೆಯ ಮೂಲೆಯನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣು ತುಂಬಿ ಬಂತು.

"ಎಲ್ಲೂ ಬಾಲ ಇಲ್ಲ," ಅಂದ. "ಇದೇ ಅಸಲಿ."